ಹೊಸ ಬಣ್ಣದ ಮೇಲಿನ ಅರ್ತ್ ವೈರು

ಮಾರ್ಚ್ ೧೨, ಬುಧವಾರ

ಇವತ್ತೂ ಬಾಯಿ ಬಿಡಲಿಲ್ಲ. ನನ್ನ ನಾಲಿಗೆಗೆ ಅದೇನು ರೋಗವೋ!

ಹದಿನೈದು ದಿನದಿಂದ ಅಪ್ಪನ ಕಾರು ಏರು ಹತ್ತುವಾಗ ಜಗ್ಗಿ ಜಗ್ಗಿ ನಿಲ್ಲುತ್ತಿದೆ. ದೀಪ ಹಾಕಿದರಂತೂ ಎಂಜಿನ್ ಕೆಮ್ಮಲು ಶುರು. ಮೆಕ್ಯಾನಿಕ್ ಪ್ಲಗ್ ಬದಲಿಸಿದ, ಕಾಯಿಲ್ ಬದಲಿಸಿದ. ಇವತ್ತು ಮನೆಗೆ ಬಂದವನು, "ನಾಳೆ ಎಂಜಿನ್ ಬಿಚ್ಚೋದೇ ಸಾರ್," ಅಂದುಬಿಟ್ಟ.

ತಪ್ಪು ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಹೋದ ತಿಂಗಳು ಅಪ್ಪ ತುಕ್ಕು ಉಜ್ಜಿ, ಬಾನೆಟ್ ಒಳಗೆಲ್ಲ ಬಣ್ಣ ಬಳಿದು, ಬ್ಯಾಟರಿಯ ಅರ್ತ್ ವೈರನ್ನು ಆ ಹೊಸ ಬಣ್ಣದ ಮೇಲೆಯೇ ಬಿಗಿದಿದ್ದರು. ಆ ವೈರು ಬರಿ ತಗಡಿಗೇ ತಾಗಬೇಕು; ಬಣ್ಣ ದಾಟಿ ಕರೆಂಟ್ ಹರಿಯುವುದು ಹೇಗೆ?

"ಅದು... ಆ ವೈರು..." ಅಂದೆ.

"ಏನಮ್ಮಾ, ನೀನು ಓದಿದ್ದು ಕಾವ್ಯ ಅಲ್ವಾ?" ಅಂದ ಮೆಕ್ಯಾನಿಕ್. ಅಪ್ಪ ನಕ್ಕರು. ನಾನೂ ನಕ್ಕೆ, ಥೂ!

ಸಂಜೆ ಅಪ್ಪ ಸ್ನಾನಕ್ಕೆ ಹೋದಾಗ ಬೋಲ್ಟ್ ಸಡಿಲಿಸಿ, ಅಡುಗೆಮನೆಯ ಚಾಕುವಿನಿಂದ ಬಣ್ಣ ಕೆರೆದು, ತಗಡು ಹೊಳೆದ ಮೇಲೆ ವೈರು ಬಿಗಿದೆ. "ಒಂದು ಸಲ ಏರು ಹತ್ತಿಸಿ ನೋಡಿ ಅಪ್ಪ," ಅಂದೆ. ದೀಪ ಹಾಕಿಕೊಂಡೇ ಹೋದರು. ಕಾರು ಸರಾಗವಾಗಿ ಹತ್ತಿತಂತೆ.

"ಹೊಸ ಕಾಯಿಲ್ ಕೂತ್ಕೊಳ್ಳೋಕೆ ಟೈಮ್ ಬೇಕಿತ್ತು ನೋಡು. ಏನು ಕೈಗುಣ ಆ ಮೆಕ್ಯಾನಿಕ್‌ದು!" ಅಂದರು ಅಪ್ಪ.

ಸರಿಮಾಡಿದ್ದು ನಾನು ಅನ್ನಬೇಕಿತ್ತು. ಅಂದಿದ್ದರೆ ಕೆಡಿಸಿದ್ದು ಯಾರು ಅಂತಲೂ ಹೇಳಬೇಕಿತ್ತಲ್ಲ. ಅಪ್ಪನ ಮುಖ ಅಷ್ಟು ಅರಳಿತ್ತು. ಚಾಕು ತೊಳೆದು ಅಡುಗೆಮನೆಯಲ್ಲಿಟ್ಟೆ.

ಊಟಕ್ಕೆ ಕೂತಾಗ ಅಂದರು: "ಬ್ಯಾಟರಿ ಪಕ್ಕ ಅದ್ಯಾಕೋ ಬಣ್ಣ ಕಿತ್ತು ಬಂದಿದೆ ಕಣೇ. ಭಾನುವಾರ ವೈರು ಬಿಚ್ಚಿ ಇನ್ನೊಂದು ಕೋಟ್ ಹೊಡೆದುಬಿಡ್ತೀನಿ."

ನಡುವೆ ಇರೋದು ಮೂರೇ ದಿನ. ಹೇಳಲೇಬೇಕು, ಆದರೆ ಹೇಗೆ?