ನನ್ನ ಗಂಡ ಸಾರುವೆಯಿಂದ ಬಿದ್ದು ಸಾಯಲಿಲ್ಲ

ಸಮೇತನಹಳ್ಳಿ,
ಮಾರ್ಚ್ 1973

ಪಿಳ್ಳಪ್ಪ ಮಾವ,

ಕ್ಷೇಮ ಕೇಳುವುದಕ್ಕೆ ಈ ಕಾಗದ ಬರೆಯುತ್ತಿಲ್ಲ. ಜಾಮೀನಿನ ಮೇಲೆ ಹೊರಗೆ ಬಂದವನು ಹೊಸಕೋಟೆ ಸಂತೆಯಲ್ಲಿ ನಿಂತು, "ನಮ್ಮ ಅಕ್ಕಯಮ್ಮನ ಗಂಡ ಕುಡಿದು ಕಟ್ಟಡದ ಸಾರುವೆ ಮೇಲಿಂದ ಬಿದ್ದ, ಪಾಪ" ಅಂತ ಹೇಳಿಕೊಂಡು ತಿರುಗುತ್ತಿದ್ದೀಯಂತೆ. ಅದಕ್ಕೇ ನಡೆದದ್ದನ್ನು ನಿನಗೇ ಬರೆಯುತ್ತಿದ್ದೇನೆ. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಹೊತ್ತು ಸ್ಕೂಲಿಗೆ ಸೇರಿಸಿದವನು ನೀನು. ಆ ಅಕ್ಷರದಲ್ಲೇ ಬರೆದಿದ್ದೇನೆ, ಓದು.

ಅವ್ವನಿಗೆ ಒಬ್ಬನೇ ತಮ್ಮ ನೀನು. ಅಪ್ಪ ಇಲ್ಲದ ನನ್ನನ್ನು ಚಿನ್ನಸ್ವಾಮಿಗೆ ಧಾರೆ ಎರೆದು ಕೊಟ್ಟವನೂ ನೀನೇ. ಬೆಂಗಳೂರಿನ ದಂಡಿನಲ್ಲಿ ಏಳುತ್ತಿದ್ದ ಆ ಎತ್ತರದ ಕಟ್ಟಡಕ್ಕೆ ಮೇಸ್ತ್ರಿಯಾದಾಗ ನಮ್ಮ ಜಗಲಿಯಲ್ಲಿ ಕೂತು ಹೇಳಿದೆ: "ಕೆಳಗಡೆ ಬಟ್ಟೆ ಅಂಗ್ಡಿ, ಹೋಟ್ಲು. ಅದ್ರ ಮ್ಯಾಲೆ ಆಫೀಸು. ಇನ್ನೂ ಮ್ಯಾಲೆ ಸಾವ್ಕಾರ್ರ ಮನೆಗ್ಳು. ಹೊಸಕೋಟೆ ಪ್ಯಾಟೆನೇ ಎತ್ತಿ ನೆಟ್ಟಗೆ ನಿಲ್ಲಿಸ್ದಂಗೆ ಕಣಮ್ಮಿ. ಬನ್ನಿ ಇಬ್ರೂವೆ." ಚಿನ್ನಸ್ವಾಮಿ ಅವತ್ತೇ ಚಾಪೆ ಸುತ್ತಿದ. ಆ ಕಟ್ಟಡ ಅಂದರೆ ಅವನಿಗೆ ಎಷ್ಟು ಇಷ್ಟವಿತ್ತು ಗೊತ್ತಾ ಮಾವ? ಕೆಲಸ ಮುಗಿದ ಮೇಲೂ ತುತ್ತತುದಿಗೆ ಹತ್ತಿ, ಹೊಸಕೋಟೆ ಕೆರೆ ಕಾಣಿಸುತ್ತದೆ ಅಂತ ಅಲ್ಲಿಂದಲೇ ಕೂಗುತ್ತಿದ್ದ. ಸುಳ್ಳು. ಆದರೂ ನಾನು ಕೆಳಗಿನಿಂದ ಹೂಂ ಅನ್ನುತ್ತಿದ್ದೆ.

ಹನ್ನೊಂದನೇ ಅಂತಸ್ತಿಗೆ ಮೋಲ್ಡು ಹಾಕುವ ದಿನ ಮಧ್ಯಾಹ್ನ ಕಾಂಕ್ರೀಟು ಹೊತ್ತಿದ್ದ ಸೆಂಟ್ರಿಂಗ್ ಹಲಗೆಗಳು ಕುಸಿದವು. ಅದರಡಿ ನಿಂತಿದ್ದ ಆವತಿಯ ಬೈಲಪ್ಪನ ಮೇಲೆ ಹಸಿ ಕಾಂಕ್ರೀಟೆಲ್ಲ ಸುರಿಯಿತು. ಬರಿಗೈಯಲ್ಲಿ ಬಗೆದು ತೆಗೆದು, ಕೆಳಗೆ ಹೊತ್ತು ತಂದೆವು. ಉಸಿರಿರಲಿಲ್ಲ. ಬಾಯಲ್ಲಿ, ಮೂಗಲ್ಲಿ, ಕಣ್ಣ ಗುಳಿಯಲ್ಲಿ ಸಿಮೆಂಟು. ಅವನ ಹೆಂಡತಿ ಮುನಿಗಂಗಮ್ಮ ಸೆರಗಿನಿಂದ ಒರೆಸಿದಷ್ಟೂ ಅದು ಮುಖಕ್ಕೆಲ್ಲ ಮೆತ್ತಿಕೊಳ್ಳುತ್ತಿತ್ತು.

ಆಗ ಕಂಟ್ರಾಕ್ಟರ್ ಕಡೆಯ ಮ್ಯಾನೇಜರು ನಿನ್ನ ಕಿವಿಯ ಹತ್ತಿರ ಬಂದು ಹೇಳಿದ್ದು ನನಗೂ ಕೇಳಿಸಿತು. ಪೊಲೀಸರು ಬರುವ ಮುಂಚೆ ಹೆಣವನ್ನು ಲಾರಿಗೆ ಹಾಕಿ, ನೆಲಮಂಗಲದ ರಸ್ತೆಯಲ್ಲಿ ಮಲಗಿಸಿ ಬನ್ನಿ, ಯಾವುದೋ ಲಾರಿ ಹೊಡೆದದ್ದಾಗುತ್ತದೆ ಅಂದ. ನೀನು ತಲೆಯಾಡಿಸಿದೆ. ಮುನಿಗಂಗಮ್ಮನನ್ನು ಇಬ್ಬರು ಎಳೆದು ಆಚೆ ತಳ್ಳಿದರು. ಬೈಲಪ್ಪನನ್ನು ಸಿಮೆಂಟ್ ಮೂಟೆ ಎಸೆದಂತೆ ಲಾರಿಗೆ ಎಸೆದರು.

ಚಿನ್ನಸ್ವಾಮಿ ಓಡಿ ಬಂದು ಲಾರಿಯ ಹಿಂದಿನ ಹಲಗೆ ಹಿಡಿದುಕೊಂಡ. "ಇವ್ನು ಇಲ್ಲೇ ಸತ್ತಿರೋದು. ಪೊಲೀಸ್ರು ಇಲ್ಲಿಗೇ ಬರ್ಲಿ. ಮಾವ, ನೀನಾದ್ರೂ ಹೇಳು" ಅಂದ. ನಿನ್ನನ್ನು ನಂಬಿ ಅಂದ.

"ಬಿಡ್ಲಾ ಕೈಯ" ಅಂದೆ ನೀನು. ಅವನು ಬಿಡಲಿಲ್ಲ. ಕಬ್ಬಿಣದ ರಾಶಿಯಿಂದ ಕಂಬಿ ಎಳೆದುಕೊಂಡು ಬೆರಳುಗಳ ಮೇಲೆ ಹೊಡೆದೆ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅವನು ಇನ್ನೊಂದು ಕೈಯಲ್ಲಿ ಹಲಗೆ ತಬ್ಬಿಕೊಂಡ. ತಲೆಗೆ ಹೊಡೆದೆ. ಕುಸಿದು ಕೂತ. ಕೂತವನು ನೆಲಕ್ಕೆ ಒರಗಿದ ಮೇಲೆ ಮತ್ತೆ ಹೊಡೆದೆ. ಮೊದಲ ಏಟು ಮ್ಯಾನೇಜರ್ ಮಾತಿಗೆ ಅನ್ನೋಣ. ಬಿದ್ದವನಿಗೆ ಹೊಡೆ ಅಂತ ನಿನಗೆ ಯಾರು ಹೇಳಿದ್ದರು ಮಾವ?

ನಾನು ನಿನ್ನ ಮುಂಗೈ ಕಚ್ಚಿದೆ. ನಿನ್ನ ರಕ್ತದ ಉಪ್ಪು ನಾಲಿಗೆಗೆ ಹತ್ತಿತು. ನೀನು ಮುಖಕ್ಕೆ ಒದ್ದಾಗ ನನ್ನ ಮುಂದಿನ ಹಲ್ಲುಗಳು ಉದುರಿದವು. ಆಮೇಲೆ ಕೆಲಸದಾಳುಗಳೆಲ್ಲ ತಿರುಗಿಬಿದ್ದರು. ಜಲ್ಲಿಕಲ್ಲು, ಸನಿಕೆ, ಸಿಕ್ಕಿದ್ದರಲ್ಲಿ ಹೊಡೆದರು. ಮ್ಯಾನೇಜರನ ಶೆಡ್ಡಿಗೆ ಬೆಂಕಿ ಹಚ್ಚಿದರು. ಪೊಲೀಸರು ಬಂದು ಲಾಠಿ ಬೀಸದೆ ಇದ್ದಿದ್ದರೆ ನಿನ್ನನ್ನೂ ಅಲ್ಲೇ ಮುಗಿಸುತ್ತಿದ್ದರು. ಮುಗಿಸಲಿ ಅಂತಲೇ ನಾನು ನೋಡುತ್ತಾ ನಿಂತಿದ್ದೆ. ಚಿನ್ನಸ್ವಾಮಿ ಆಸ್ಪತ್ರೆಯಲ್ಲಿ ಕಣ್ಣು ಬಿಡದೇ ಹೋದ.

ಇಷ್ಟಾದರೂ ಅವ್ವ ನಿನ್ನ ಕಡೆಗೇ ಇದ್ದಳು. ದಿನಾ ನನ್ನ ಕಾಲು ಹಿಡಿಯುತ್ತಿದ್ದಳು. "ಹೋದೋನು ಬರಾಕಿಲ್ಲ ಕಣೇ. ಇರೋನ್ನ ಉಳ್ಸು. ನಾನು ಎತ್ತಿ ಆಡ್ಸಿದ ತಮ್ಮ" ಅಂತ ಗೋಳಾಡುತ್ತಿದ್ದಳು. ನಾನು ಊಟ ಬಿಟ್ಟರೆ ಅವಳೂ ಬಿಡುತ್ತಿದ್ದಳು. ಒಂದೊಂದು ಸಲ, ಹಾಳಾಗಿ ಹೋಗಲಿ, ಬಿದ್ದು ಸತ್ತ ಅಂತಲೇ ಕೋರ್ಟಿನಲ್ಲಿ ಹೇಳಿಬಿಡೋಣ ಅನ್ನಿಸುತ್ತಿತ್ತು. ನಿಜವಾಗಿ ಅನ್ನಿಸುತ್ತಿತ್ತು.

ಹೋದ ಶುಕ್ರವಾರ ಹಾಡುಹಗಲೇ ನಿನ್ನ ಆಳುಗಳು ಬಂದು ನಮ್ಮ ಹುಲ್ಲಿನ ಮೆದೆಗೆ ಬೆಂಕಿ ಇಟ್ಟರು. "ಪಿಳ್ಳಪ್ಪಣ್ಣ ಹೇಳ್ಕಳಿಸವ್ನೆ, ಕೋರ್ಟಿಗೆ ಹೋದ್ರೆ ಮುಂದಿನ್ಸಲ ಮನೆಗೇ" ಅಂತ ಕೂಗಿ ಹೋದರು. ಬೆಂಕಿ ಕೊಟ್ಟಿಗೆಗೆ ಹಾರಿತು. ಅವ್ವ ಹಸುವಿನ ಹಗ್ಗ ಬಿಚ್ಚಲು ಒಳಗೆ ನುಗ್ಗಿದಳು. ಹಸು ಉಳಿಯಿತು. ನಿನ್ನನ್ನು ಎತ್ತಿ ಆಡಿಸಿದ ಆ ಕೈಗಳು ಮೊಳಕೈವರೆಗೆ ಬೆಂದು ಚರ್ಮ ಸುಲಿದುಹೋಗಿದೆ.

ನಿನ್ನೆ ನಾನು ಮುದ್ದೆ ತಿನ್ನಿಸುವಾಗ ಅವ್ವ ತಾನಾಗಿಯೇ ಅಂದಳು: "ಕೋರ್ಟ್ನಾಗೆ ಏನೂ ಮುಚ್ಚಿಡ್ಬ್ಯಾಡ. ನಾನೂ ಬತ್ತೀನಿ." ಆಮೇಲೆ ಬಹಳ ಅತ್ತಳು. ಅತ್ತದ್ದು ಸುಟ್ಟ ಕೈಗಲ್ಲ, ನಿನಗಾಗಿ. ಅದನ್ನೂ ನಿನಗೆ ತಿಳಿಸಬೇಕು ಅನ್ನಿಸಿತು.

ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತೇವೆ. ಆವತಿಯಿಂದ ಮುನಿಗಂಗಮ್ಮನೂ ಬರುತ್ತಾಳೆ. ದಾರಿಯಲ್ಲಿ ನಿನ್ನ ಆಳುಗಳನ್ನು ನಿಲ್ಲಿಸಿದರೆ ನಿನ್ನ ಅಕ್ಕನೇ ಮುಂದೆ ನಡೆಯುತ್ತಿರುತ್ತಾಳೆ, ನೆನಪಿರಲಿ.

ಅತ್ತೆಯೂ ಮಕ್ಕಳೂ ಚೆನ್ನಾಗಿರಲಿ. ನೀನು ಒಳಗೆ ಹೋದ ಮೇಲೆ ಅವರಿಗೆ ಹೊತ್ತಿನ ಊಟಕ್ಕೆ ಕಷ್ಟವಾದರೆ ಈ ಮನೆಗೆ ಬರಲಿ, ಅವ್ವ ಹಾಕುತ್ತಾಳೆ, ನಾನೂ ಹಾಕುತ್ತೇನೆ. ನೀನು ಮಾತ್ರ ಯಾವತ್ತೂ ನಮ್ಮ ಹೊಸ್ತಿಲು ತುಳಿಯಬೇಡ.

ಚಿನ್ನಸ್ವಾಮಿಯ ಹೆಂಡತಿ,
ಅಕ್ಕಯಮ್ಮ