ಓದುವಣ್ಣ ಒಂದಕ್ಷರವೂ ಬಿಡದೆ ಓದತಕ್ಕದ್ದು

ಲಾಂಡ್ರಿಯ ಮೇಲಿನ ಕೋಣೆ
ಭಾನುವಾರ, ಸಂಜೆ

ಪರಪತ್ರವಾಚನ ಧುರಂಧರರೂ, ಮೌನಮರ್ದನರೂ, ಕನ್ನಡಕವನ್ನು ಮೂಗಿನ ತುದಿಗಿಳಿಸಿ ಕಂಡವರ ಅಂಚೆಯನ್ನು ಉಗುರಿನಿಂದ ಬಿಡಿಸುವವರೂ ಆದ ಶ್ರೀಮದ್ ಓದುವಣ್ಣನವರ ಸನ್ನಿಧಾನಕ್ಕೂ, ಅವರ ಬಾಯಿಂದಲೇ ಇದನ್ನು ಕೇಳಬೇಕಾಗಿ ಬಂದ ನನ್ನ ಪ್ರೀತಿಯ ಅಕ್ಕನಿಗೂ, ದೊಡ್ಡಮನೆ ಬಿಟ್ಟು ಓಡಿದ ತಮ್ಮನು ತಲೆಬಾಗಿ ಮಾಡುವ ವಿಜ್ಞಾಪನೆ.

ಅಕ್ಕಾ, ಹೇಗಿದ್ದೀಯ? ಸಾಬೂನು ಕೊಠಡಿಯ ಕೆಲಸಕ್ಕೆ ನಿನ್ನ ಬೆರಳ ಸಿಪ್ಪೆ ಇನ್ನೂ ಏಳುತ್ತಿದೆಯೇ? ಮಲಗುವಾಗ ಎಣ್ಣೆ ಸವರಿಕೋ. ನನ್ನ ಆರೋಗ್ಯಕ್ಕೇನೂ ಕೊರತೆಯಿಲ್ಲ. ಕೆಳಗಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತೇನೆ. ಅಂಗಿಯನ್ನು ಕಾಲರಿನಿಂದ ಶುರು ಮಾಡಬೇಕೆಂಬ ಜ್ಞಾನೋದಯವಾಗಿದೆ. ಬಿಟ್ಟುಹೋದವರ ಪತ್ರವನ್ನು ಎಚ್ಚರಿಕೆಗೆಂದು ಇಡೀ ಮನೆಯ ಮುಂದೆಯೇ ಒಡೆದು ಓದಬೇಕು, ಒಂದಕ್ಷರ ನುಂಗಿದರೂ ಸುಳ್ಳಾಡಿದಂತೆ ಎಂದು ದೊಡ್ಡಮನೆಯ ಒಡೆಯರಾದ ದೊಡ್ಡವರ ಅಪ್ಪಣೆಯಿದೆಯಲ್ಲ, ಅದನ್ನೇ ನಂಬಿ ಬರೆಯುತ್ತಿದ್ದೇನೆ. ಓದುವಣ್ಣ, ಒಂದು ಗುಟುಕು ನೀರು ಕುಡಿಯಿರಿ. ಮುಂದೆ ದಾರಿ ಚೆನ್ನಾಗಿಲ್ಲ.

"ಹೊರಗೆ ಹೋದವರು ಕೊಳಕೇ ಓದೋದು" ಎಂದು ತಾವು ಹೇಳುತ್ತಿದ್ದಿರಿ. ಅದರ ವರದಿ ಒಪ್ಪಿಸುತ್ತೇನೆ. ಮೊದಲ ವಾರವೇ ಗ್ರಂಥಾಲಯಕ್ಕೆ ಹೋದೆ. ಏನು ಓದಲಿ ಎಂದು ಅಲ್ಲಿನ ಮೇಡಂ ಹತ್ತಿರ ಕೇಳಿದರೆ, "ನಿಮಗೆ ಇಷ್ಟವಾದದ್ದು ಓದಿ" ಅಂದರು. ನನಗೆ ಯಾವುದು ಇಷ್ಟ ಅಂತ ಯಾರನ್ನು ಕೇಳಬೇಕು ಅಂದೆ. ಅವರು ಕೈಯಲ್ಲಿದ್ದ ಮುದ್ರೆ ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ಕೈಗೆ ಸಿಕ್ಕಿದ ಪುಸ್ತಕ ಹಿಡಿದು ಕೂತು, ದೊಡ್ಡಮನೆಯ ಅಭ್ಯಾಸದಂತೆ ಗಟ್ಟಿಯಾಗಿ ಓದತೊಡಗಿದೆ. ಬಾಯಿ ಮುಚ್ಚಿ ಓದುವವನು ಕಳ್ಳ ಎಂದು ಕಲಿತವನಲ್ಲವೇ ನಾನು? ಸುತ್ತಲಿದ್ದವರೆಲ್ಲ ತಲೆಯೆತ್ತಿದರು. "ಮನಸ್ಸಿನಲ್ಲಿ ಓದ್ಕೊಳ್ಳಿ ಸ್ವಲ್ಪ" ಎಂದರು ಮೇಡಂ. ಓದಿದೆ. ಅರ್ಧ ಪುಟಕ್ಕೆ ಯಾರೋ ಬಾಗಿಲು ತಟ್ಟುತ್ತಾರೆಂದು ಕಿವಿ ಕಾದವು. ಓದುವ ದನಿ ನಿಂತೊಡನೆ ಬಾಗಿಲು ಬಡಿಯುತ್ತಿದ್ದ ನಿಮ್ಮ ಆ ಗೆಣ್ಣುಗಳನ್ನು ನೆನೆದರೆ ಈಗಲೂ ಪುಸ್ತಕ ಮುಚ್ಚಿಬಿಡುತ್ತೇನೆ.

ನನ್ನಂತೆ ಇಂಥ ಮನೆಗಳನ್ನು ಬಿಟ್ಟುಬಂದವರದೇ ಒಂದು ಓದಿನ ಕೂಟವಿದೆ ಎಂದು ತಿಳಿದು ಅಲ್ಲಿಗೂ ಹೋದೆ. ಗಡ್ಡದ ಮಹನೀಯರೊಬ್ಬರು ಮೊದಲು ಯಾವ ಪುಸ್ತಕ, ಆಮೇಲೆ ಯಾವುದು ಎಂದು ಹೇಳಿ ಹಂಚುತ್ತಿದ್ದರು. ಎಲ್ಲವೂ ಮನಸ್ಸು ಹೇಗೆ ಕೆಡುತ್ತದೆ ಎಂಬುದರ ದಪ್ಪ ಪುಸ್ತಕಗಳು. ನನಗೊಂದು ಪತ್ತೇದಾರಿ ಕಥೆ ಬೇಕು ಅಂದೆ. "ನೀನಿನ್ನೂ ಅದಕ್ಕೆ ತಯಾರಾಗಿಲ್ಲ ಮರಿ" ಅಂದರು. ದೊಡ್ಡವರದೇ ಮಾತು, ಅದೇ ರಾಗ, ಕೈ ಇಟ್ಟಿದ್ದೂ ಅದೇ ಭುಜದ ಮೇಲೆ. ಸುತ್ತಲಿನವರು ತಲೆಯಾಡಿಸಿದರು. ನನಗೆ ಎಷ್ಟು ಹೇಸಿಗೆಯಾಯಿತೆಂದರೆ ಅವರು ಕೊಟ್ಟ ಟೀಯನ್ನೂ ಅಲ್ಲೇ ಬಿಟ್ಟು ಬಂದೆ. ಟೀ ಬಿಡುವವನೇ ನಾನು?

ಪತ್ತೇದಾರಿ ಕಥೆ ಆಮೇಲೆ ಓದಿದೆ, ಅಕ್ಕಾ. ಕೊಲೆಗಾರ ತೋಟದ ಮಾಲಿ ಎಂದು ನಿರ್ಧರಿಸಿಬಿಟ್ಟಿದ್ದೆ. ಅಲ್ಲ, ಡಾಕ್ಟರು. ನನ್ನ ಊಹೆ ಪೂರ್ತಿ ತಪ್ಪಾದರೂ ಯಾರೂ ನನ್ನನ್ನು ಮೂಲೆಗೆ ನಿಲ್ಲಿಸಲಿಲ್ಲ. ಒಗೆಯುವ ಯಂತ್ರದ ಕೈಪಿಡಿಯನ್ನೂ ಓದಿದೆ. ಯಂತ್ರ ನಿಂತರೆ ಸ್ವಿಚ್ ಆರಿಸಿ ಮತ್ತೆ ಹಾಕಿ ಎನ್ನುತ್ತದೆ, ಯಾರ ಪಾಪಕ್ಕೆ ನಿಂತಿತು ಎಂದು ಕೇಳುವುದಿಲ್ಲ. ಇಷ್ಟು ಸಭ್ಯವಾದ ಗ್ರಂಥವನ್ನು ನಾನು ಕಂಡಿರಲಿಲ್ಲ.

ಈಗ ಓದುವಣ್ಣ, ದನಿ ಸ್ವಲ್ಪ ಏರಲಿ. ಅಕ್ಕ ಚಿಕ್ಕವಳಿದ್ದಾಗ ಎಣ್ಣೆ ಡಬ್ಬಕ್ಕೆ ಸುತ್ತಿದ್ದ ಪತ್ರಿಕೆಯ ಚೂರನ್ನು ಬಾಯಿ ಮುಚ್ಚಿಕೊಂಡು ಓದಿದಳು. "ಕದ್ದದ್ದು ಹೊಟ್ಟೆಗೇ ಹೋಗಲಿ" ಎಂದು ನಾನು, ಅಂದರೆ ಈಗ ಇದನ್ನು ಓದುತ್ತಿರುವ ನಾನು, ಆ ಎಣ್ಣೆ ಕಾಗದವನ್ನು ಅವಳಿಂದ ಅಗಿಸಿ ನುಂಗಿಸಿದೆ. ಅವಳು ಕಾರಿಕೊಂಡಾಗ ಅವಳಿಂದಲೇ ಒರೆಸಿಸಿದೆ. ಓದಿದಿರಾ? ಅಕ್ಷರ ನುಂಗಲಿಲ್ಲ ತಾನೇ?

ಚಿಕ್ಕವರಿಗೆಲ್ಲ ನನ್ನ ನೆನಪು ಹೇಳು ಎನ್ನುವ ಅಗತ್ಯವಿಲ್ಲ, ಎದುರಿಗೇ ಕೂತು ಕೇಳುತ್ತಿದ್ದಾರೆ. ಎಲ್ಲರಿಗೂ ಒಳ್ಳೆಯದಾಗಲಿ. ಓದುವಣ್ಣನವರ ಗಂಟಲಿಗೂ.

ನಿನ್ನ ತಮ್ಮ,
ಹಾಲಿ ಇಸ್ತ್ರಿಯವನು

ಮರೆತೇ ಹೋಗಿತ್ತು: ಹಿಂದಿನ ಗೇಟಿಗೆ ಬೀಗವಿಲ್ಲ. ನಾವೆಲ್ಲ ಒಂದಲ್ಲ ಒಂದು ದಿನ ಗುಟ್ಟಾಗಿ ತಳ್ಳಿ ನೋಡಿ, ಬೀಗವಿದೆ ಅಂದುಕೊಂಡು ಸುಮ್ಮನಾದವರೇ. ಅದು ಒಳಕ್ಕೆ ತೆರೆಯುತ್ತದೆ, ಎಳೆಯಬೇಕು. ನಾಳೆ ಬೀಗ ಬೀಳುವುದು ಖಂಡಿತ. ಆದರೆ ಓದು ನಡೆಯುವಾಗ ಯಾರೂ ಏಳಬಾರದು, ಓದುವವರಂತೂ ನಡುವೆ ನಿಲ್ಲಿಸಲೇಬಾರದು ಎಂಬ ಕಟ್ಟಳೆ ಇವತ್ತು ಜಾರಿಯಲ್ಲಿದೆ. ಅಕ್ಕಾ, ನೀನು ಏಳು. ಬಸ್ ನಿಲ್ದಾಣದ ಎದುರಿಗೇ ನಮ್ಮ ಲಾಂಡ್ರಿ.

ನೀನು ಗೇಟು ತಲುಪುವಷ್ಟು ಹೊತ್ತು ಪತ್ರ ಉದ್ದವಾಗಬೇಕಲ್ಲ, ಇನ್ನೊಂದು ಮಾತು ಬರೆಯುತ್ತೇನೆ. ಇದನ್ನು ನೀನು ಕೇಳಿಸಿಕೊಳ್ಳದಿದ್ದರೇ ಒಳ್ಳೆಯದು. ಬರೆದದ್ದು ಸರಿಯಿದೆಯೇ ಎಂದು ಈಗಷ್ಟೇ ಇಡೀ ಪತ್ರವನ್ನು ಗಟ್ಟಿಯಾಗಿ ಓದಿ ನೋಡಿದೆ. ಮುಗಿದೊಡನೆ, ಕೋಣೆಯಲ್ಲಿ ನಾನೊಬ್ಬನೇ ಇದ್ದರೂ, ಅಲ್ಲಿ ಪ್ರತಿ ಓದಿನ ಕೊನೆಗೂ ನಾವೆಲ್ಲ ಹೇಳುತ್ತಿದ್ದಂತೆ ಕೈಕಟ್ಟಿ ಎದ್ದು ನಿಂತು, "ಕೇಳಿದೆವು, ಒಪ್ಪಿದೆವು" ಅಂದುಬಿಟ್ಟೆ.