ಹೊಟ್ಟೆ ಸೀಳಿದ ದಕಾರ

ನೌಬಾದ, ಬೀದರ

ನನ್ನ ಶೇವಂತಾ,

ನಿನ್ನ ವಿಳಾಸವನ್ನು ಔರಾದಿನಲ್ಲಿರುವ ನಿನ್ನ ಸೋದರತ್ತೆ ಭೀಮಬಾಯಿಯವರಿಂದ ಪಡೆದೆ. ಪುಣೆಯಲ್ಲಿ ನಿನ್ನ ಮಗಳಿಗೆ ನೀನೇ ಮನೆಯಲ್ಲಿ ಕನ್ನಡ ಕಲಿಸುತ್ತಿದ್ದೀಯೆಂದು ಅವರು ಹೇಳಿದರು. ಆ ಮಾತು ಕೇಳಿದ ಮೇಲೆ ಈ ಪತ್ರವನ್ನು ಮುಂದೂಡಲಾಗಲಿಲ್ಲ.

ಬರುವ ಭಾನುವಾರ ಬೀದರದಲ್ಲಿ ಹಳೆಯ ವಿದ್ಯಾರ್ಥಿಗಳು ನನ್ನನ್ನು ಸನ್ಮಾನಿಸುತ್ತಿದ್ದಾರೆ. ಆಮಂತ್ರಣದಲ್ಲಿ ನನ್ನ ಹೆಸರಿನ ಹಿಂದೆ ‘ಶುದ್ಧ ಬರಹದ ಗುರುಮಾತೆ’ ಎಂದು ಅಚ್ಚು ಹಾಕಿಸಿದ್ದಾರೆ. ಸಭೆಯಲ್ಲಿ ತೋರಿಸಲು ನಮ್ಮ ಔರಾದ ಶಾಲೆಯ ಹಳೆಯ ವಿಡಿಯೊ ಬೇಕೆಂದರು. ನನ್ನ ಟ್ರಂಕಿನಲ್ಲಿದ್ದದ್ದು ಒಂದೇ ಕ್ಯಾಸೆಟ್. 2003ರ ಬರಗಾಲದಲ್ಲಿ ಬಿಸಿಯೂಟ ನೋಡಲು ಅಧಿಕಾರಿಗಳು ಬಂದ ದಿನದ್ದು. ಭಾಲ್ಕಿಯ ಮದುವೆ ಕ್ಯಾಮೆರಾದವನು ತೆಗೆದದ್ದು.

ನಿನಗೆ ಆ ದಿನ ನೆನಪಿರಬೇಕು. ಕಪ್ಪು ಹಲಗೆಯ ಮೇಲೆ ನಾನು ದಪ್ಪಕ್ಷರದಲ್ಲಿ ‘ಹಾರ್ಧಿಕ ಸ್ವಾಗತ’ ಎಂದು ಬರೆದಿದ್ದೆ. ಮಹಾಪ್ರಾಣಕ್ಕೆ ಅಕ್ಷರದ ಹೊಟ್ಟೆ ಸೀಳಬೇಕೆಂದು ನಿಮಗೆ ಕಲಿಸಿದವಳೂ ನಾನೇ. ಏಳನೆಯ ತರಗತಿಯ ನೀನು ಎದ್ದು ಬಂದು ಬೆರಳಿಟ್ಟು ತೋರಿಸಿದೆ. “ಅಕ್ಕೋರ, ಇಲ್ಲಿ ‘ದ’ಕ್ಕ ಹೊಟ್ಟಿ ಯಾಕ ಸೀಳೀರಿ?” ಕ್ಯಾಮೆರಾದವನು ನಕ್ಕ. “ಟೀಚರ್‌ಗೇ ಟೀಚರ್ ಸಿಕ್ಕಾಳ ನೋಡ್ರಿ” ಎಂದ. ತರಗತಿಯೆಲ್ಲ ನಕ್ಕಿತು. ಆ ನಗು ನನಗೆ ಸಹಿಸಲಾಗಲಿಲ್ಲ. “ಹೋಗಿ ಕೂಡು. ನನಗೇ ಕಲಸ್ತಿ? ನಾ ಬರದದ್ದೇ ಖರೆ. ನೂರು ಸಲ ಬರಕೊಂಡು ಬಾ” ಎಂದೆ.

ಮರುದಿನ, ಶನಿವಾರ, ನೀನು ಬರೆದು ತಂದೆ. ನೂರು ಸಲವೂ ತಪ್ಪನ್ನೇ, ದುಂಡಾದ ಅಕ್ಷರಗಳಲ್ಲಿ. ಆ ಸಂಜೆ ನಿಘಂಟು ತೆರೆದೆ. ಹೃದಯಕ್ಕೆ ಸಂಬಂಧಿಸಿದ್ದು ಹಾರ್ದಿಕ. ಅಲ್ಲಿ ಮಹಾಪ್ರಾಣಕ್ಕೆ ಎಡೆಯಿಲ್ಲ. ಸೋಮವಾರ ಹೇಳೋಣವೆಂದುಕೊಂಡೆ. ಸೋಮವಾರ ನಿನ್ನ ಜಾಗ ಖಾಲಿಯಿತ್ತು. ಬಾವಿ ಬತ್ತಿದ ನಿಮ್ಮ ಓಣಿಯ ಆರು ಮನೆಗಳವರು ಕಟ್ಟಡದ ಗೌಂಡಿ ಕೆಲಸಕ್ಕೆಂದು ಪುಣೆಯ ಲಾರಿ ಹತ್ತಿದ್ದರು. ಹಾಜರಿಯಲ್ಲಿ ನಿನ್ನ ಹೆಸರಿನ ಮುಂದೆ ಗೈರು ಎಂದು ಬರೆದೆ.

ಕಳೆದ ವಾರ ಆ ಕ್ಯಾಸೆಟ್ಟನ್ನು ಇಲ್ಲಿಯ ಜಾಹೇದಾಳ ಸ್ಟುಡಿಯೊಗೆ ಒಯ್ದೆ. ಅವಳು ಮದುವೆಯ ವಿಡಿಯೊಗಳನ್ನು ಕಂಪ್ಯೂಟರಿನಲ್ಲಿ ತಿದ್ದುವವಳು. ದಕಾರದ ಕೆಳಗಿನ ಒಂದು ಗೀರು ಅಳಿಸಿದರೆ ಸಾಕೆಂದೆ, ಕಾರಣ ಹೇಳಲಿಲ್ಲ. ಅವಳು ಪರದೆಯ ಮೇಲಿನ ಬ್ರಷ್ಷನ್ನು ಸೀಮೆಸುಣ್ಣದ ಗೀರಿನಷ್ಟಕ್ಕೆ ಕಿರಿದಾಗಿಸಿದಳು. ಅದರ ಅಂಚನ್ನು ಮೆದುವಾಗಿಸಿ, ಹಲಗೆಯದೇ ಕಪ್ಪನ್ನು ತುಂಬಿಕೊಂಡಳು. “ಅಂಚು ಗಟ್ಟಿ ಇಟ್ರ ತೇಪಿ ಹಚ್ಚಿದಂಗ ಕಾಣ್ತದ್ರಿ ಮೇಡಂ” ಎಂದಳು. ಒಂದೇ ಎಳೆತ. ನನ್ನ ತಪ್ಪು ಇಲ್ಲವಾಯಿತು. ನಿನ್ನೆದುರು ಮುಚ್ಚಿಡುವುದಿಲ್ಲ, ನನಗೆ ಸಂತೋಷವಾಯಿತು.

ಆಮೇಲೆ ವಿಡಿಯೊ ಓಡಿಸಿದಳು. ಹಚ್ಚಿದ ಬಣ್ಣ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನೂ ಅದರಲ್ಲಿ ಗೊತ್ತುಪಡಿಸಬೇಕಂತೆ. ಅವಳು ಕೊನೆಯವರೆಗೂ ನಿಲ್ಲುವಂತೆ ಇಟ್ಟಿದ್ದಳು. ನೀನು ನಡೆದು ಬಂದೆ, ಕೈಯೆತ್ತಿದೆ, ಆ ಕಪ್ಪು ನಿನ್ನ ಬೆರಳ ತುದಿಯನ್ನು ನುಂಗಿತು. ಸರಿಯಾದ ಅಕ್ಷರದತ್ತ ಮೊಂಡು ಬೆರಳು ಚಾಚಿ ನೀನು ನಿಂತಿದ್ದೆ. ತರಗತಿ ನಗುತ್ತಿತ್ತು. ಈಗ ಅದು ನಕ್ಕದ್ದು ನಿನ್ನನ್ನು ನೋಡಿ.

“ಸೆಟಿಂಗ್ ಗಲತ್ ಆಗ್ಯಾದ್ರಿ. ಒಂದೊಂದು ಫ್ರೇಮಿಗೂ ಬ್ಯಾರೆ ಬ್ಯಾರೆ ಹಚ್ಚಿ ಬೆರಳು ಉಳಸ್ತೇನಿ” ಎಂದಳು ಜಾಹೇದಾ. ಬೆರಳೇನೋ ಉಳಿಯುತ್ತಿತ್ತು, ನಿನ್ನ ಮಾತು ಉಳಿಯುತ್ತಿರಲಿಲ್ಲ. “ಬ್ಯಾಡವ್ವ, ಹಚ್ಚಿದ್ದೆಲ್ಲಾ ತಗದುಬಿಡು” ಎಂದೆ. “ತಪ್ಪು ಕಾಣ್ತದಲ್ರಿ?” ಎಂದಳು. “ಕಾಣ್ಲಿ” ಎಂದೆ.

ಭಾನುವಾರ ಆ ವಿಡಿಯೊ ಇದ್ದಂತೆಯೇ ಓಡುತ್ತದೆ. ಅದು ಮುಗಿದ ಕೂಡಲೇ ನಾನು ಎದ್ದು ನಿಂತು ನಿನ್ನ ಹೆಸರು ಹೇಳುತ್ತೇನೆ, ನೂರು ಸಲದ ಶಿಕ್ಷೆಯನ್ನೂ ಹೇಳುತ್ತೇನೆ. ಬಳಿಕ ಅವರು ಶಾಲು ಹೊದಿಸಿದರೂ ಸರಿ, ಮಡಚಿಟ್ಟರೂ ಸರಿ.

ನಿನ್ನ ನೋಟ್‌ಬುಕ್ ನನ್ನಲ್ಲೇ ಉಳಿದಿತ್ತು. ಇದರೊಂದಿಗೆ ಕಳಿಸುತ್ತಿದ್ದೇನೆ. ನೂರು ಕಡೆಯೂ ಕೆಂಪು ಶಾಯಿಯಲ್ಲಿ ತಿದ್ದಿ, ತಪ್ಪು ಶಿಕ್ಷಕಿಯದೆಂದು ಬರೆದು ಸಹಿ ಹಾಕಿದ್ದೇನೆ. ನಿನ್ನ ಮಗಳಿಗೆ ತೋರಿಸು.

ಇಷ್ಟು ವರ್ಷ ಆ ಪದವನ್ನು ಬರೆಯುವುದನ್ನೇ ತಪ್ಪಿಸಿಕೊಂಡು ಬಂದವಳು ನಾನು. ಇಂದು ಬರೆಯುತ್ತೇನೆ. ನೀನೇ ಪರೀಕ್ಷಿಸಿ ನೋಡು.

ನಿನಗೂ ನಿನ್ನ ಮಗಳಿಗೂ ಹಾರ್ದಿಕ ಆಶೀರ್ವಾದಗಳು.

ನಿನ್ನ ಅಕ್ಕೋರು,
ಲಲಿತಾಬಾಯಿ